ಫೆಬ್ರುವರಿಯನ್ನು ಮರೆಯದ ಗಡಿಯಾರ

ಯಾವ ತಿಂಗಳಿಗೆ 30 ದಿನ, ಯಾವುದಕ್ಕೆ 31? ಈ ಲೆಕ್ಕಕ್ಕೆ ನಮ್ಮ ಮಕ್ಕಳು ಕ್ಯಾಲೆಂಡರ್ ಹುಡುಕುವುದಿಲ್ಲ. ಎಡಗೈ ಮುಷ್ಟಿ ಬಿಗಿದು, ಬಲಗೈಯ ತೋರುಬೆರಳನ್ನು ಗೆಣ್ಣುಗಳ ಮೇಲೆ ಓಡಿಸುತ್ತಾರೆ. ಉಬ್ಬಿನ ಮೇಲೆ ಬಂದ ತಿಂಗಳಿಗೆ 31 ದಿನ, ತಗ್ಗಿಗೆ ಬಿದ್ದದ್ದಕ್ಕೆ 30. ತಗ್ಗಿನಲ್ಲೇ ಇದ್ದರೂ ಲೆಕ್ಕಕ್ಕೆ ಸಿಗದ ತುಂಟ ತಿಂಗಳು ಒಂದೇ, ಫೆಬ್ರುವರಿ. ಮೂರು ವರ್ಷ 28, ನಾಲ್ಕನೆಯ ವರ್ಷ 29!

ಇದೇ ಉಬ್ಬು-ತಗ್ಗುಗಳ ಉಪಾಯವನ್ನು ಒಂದು ಪುಟ್ಟ ಲೋಹದ ಚಕ್ರದ ಅಂಚಿನಲ್ಲಿ ಕೊರೆದು ಕೈಗಡಿಯಾರದೊಳಗೆ ಕೂಡಿಸಿದ್ದಾರೆ ಎಂದರೆ ನಂಬುತ್ತೀರಾ? ಆ ಗಡಿಯಾರಕ್ಕೆ ಬ್ಯಾಟರಿ ಇಲ್ಲ, ಒಳಗೆ ಚಿಪ್ ಇಲ್ಲ. ಇರುವುದು ಸ್ಪ್ರಿಂಗು, ಹಲ್ಲುಚಕ್ರ, ಲಿವರುಗಳು ಮಾತ್ರ. ಆದರೂ ಫೆಬ್ರುವರಿ 28ರ ರಾತ್ರಿ ಅದು ತಾನಾಗಿಯೇ ಮಾರ್ಚ್ 1ಕ್ಕೆ ಹಾರುತ್ತದೆ. ಅಧಿಕ ವರ್ಷ ಬಂದರೆ 29ರಂದು ನಿಂತು ಆಮೇಲೆ ಹಾರುತ್ತದೆ. ಇದರ ಬೆಲೆ ಹಲವು ಲಕ್ಷ ರೂಪಾಯಿ. ಹೆಸರಾಂತ ಕಂಪನಿಯದಾದರೆ ಕೋಟಿಯನ್ನೂ ದಾಟಬಹುದು.

ಇಷ್ಟೇ ಕೆಲಸವನ್ನು ನಿಮ್ಮ ಜೇಬಿನ ಮೊಬೈಲ್ ಫೋನು ಪುಕ್ಕಟೆಯಾಗಿ ಮಾಡುತ್ತದೆ. ಸಮಯದ ನಿಖರತೆಯಲ್ಲಂತೂ ಬೀದಿಬದಿಯ ಮುನ್ನೂರು ರೂಪಾಯಿಯ ವಾಚು ಈ ಲಕ್ಷಾಧೀಶನನ್ನು ಸುಲಭವಾಗಿ ಸೋಲಿಸುತ್ತದೆ. ಹಾಗಿದ್ದರೆ ಜನ ಇದಕ್ಕೆ ಮರುಳಾಗುವುದೇಕೆ? ಇದು ಬರೀ ಶ್ರೀಮಂತರ ಶೋಕಿಯೇ, ಅಥವಾ ನಮ್ಮ ಮಕ್ಕಳು ತಿಳಿದುಕೊಳ್ಳಬೇಕಾದ ಸಂಗತಿ ಏನಾದರೂ ಇದರಲ್ಲಿ ಇದೆಯೇ?

ಒಳಗಿನ ಲೋಕ

ಮೊದಲು ಸಾದಾ ಕೀ ವಾಚನ್ನೇ ನೋಡೋಣ. ಪಕ್ಕದ ತಿರುಪನ್ನು ತಿರುಗಿಸಿ ಕೀ ಕೊಟ್ಟಾಗ ಒಳಗೊಂದು ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲವೇ ಗಡಿಯಾರದ ಅನ್ನ. ಆದರೆ ಸುರುಳಿಯನ್ನು ಹಾಗೇ ಬಿಟ್ಟರೆ ಕ್ಷಣದಲ್ಲಿ ಬರ್‍ರೆಂದು ಬಿಚ್ಚಿಹೋಗುತ್ತದೆ. ಅದನ್ನು ತಡೆದು ತಡೆದು, ಅಳೆದು ಅಳೆದು ಬಿಡುವ ಕೆಲಸ ಬ್ಯಾಲೆನ್ಸ್ ಚಕ್ರದ್ದು. ಕೂದಲಿನಷ್ಟು ತೆಳ್ಳಗಿನ ಮತ್ತೊಂದು ಸ್ಪ್ರಿಂಗಿಗೆ ಕಟ್ಟಿದ ಈ ಚಕ್ರ ಅತ್ತಿತ್ತ ತೂಗುತ್ತ, ಪ್ರತಿ ತೂಗಿಗೂ ಒಂದೊಂದು ಹಲ್ಲನ್ನು ಮುಂದೆ ಬಿಡುತ್ತದೆ. ನಾವು ಕೇಳುವ ‘ಟಿಕ್ ಟಿಕ್’ ಅದೇ. ಈಗಿನ ಅನೇಕ ಗಡಿಯಾರಗಳಲ್ಲಿ ಸೆಕೆಂಡಿಗೆ 8 ತೂಗು, ದಿನಕ್ಕೆ 6,91,200!

ತಾತನ ಕಾಲದ ಎಚ್‌ಎಂಟಿ ವಾಚು ಮನೆಯಲ್ಲಿದ್ದರೆ ಅದರ ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ನೋಡಿ. ಅದು ಅಲಂಕಾರದ ಮಾತಲ್ಲ. ಚಕ್ರದ ಅಚ್ಚು ತಿರುಗುವಲ್ಲಿ ಸವೆತ ತಪ್ಪಿಸಲು ಕೂಡಿಸಿದ ಕೃತಕ ಮಾಣಿಕ್ಯದ ಹರಳುಗಳ ಎಣಿಕೆ ಅದು.

ಗಂಟೆ, ನಿಮಿಷ, ಸೆಕೆಂಡು ತೋರಿಸುವುದು ಗಡಿಯಾರದ ಮೂಲ ಕಸುಬು. ಅದಕ್ಕೂ ಮೀರಿ ಏನು ಮಾಡಿದರೂ ಕಸುಬುದಾರರ ಭಾಷೆಯಲ್ಲಿ ಅದು ‘ಕಾಂಪ್ಲಿಕೇಶನ್’. ನಿತ್ಯದ ಮಾತಿನಲ್ಲಿ ಕಾಂಪ್ಲಿಕೇಶನ್ ಎಂದರೆ ತೊಡಕು. ಗಡಿಯಾರದವರಿಗೆ ಅದೇ ಹೆಮ್ಮೆ! ತಾರೀಖು ತೋರಿಸುವ ಕಿಂಡಿಯೂ ಒಂದು ಕಾಂಪ್ಲಿಕೇಶನ್ನೇ. ಓಟದ ಪಂದ್ಯದಲ್ಲಿ ಬೇಕಾದಾಗ ಓಡಿಸಿ ಬೇಕಾದಾಗ ನಿಲ್ಲಿಸುವ ‘ಕ್ರೋನೋಗ್ರಾಫ್’ ಇನ್ನೊಂದು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಗಳು ತಂತಿಗೆ ಬಡಿದು ಸಮಯ ಹೇಳುವ ‘ಮಿನಿಟ್ ರಿಪೀಟರ್’ ಬಲು ಕಷ್ಟದ್ದು. 12 ಗಂಟೆ 59 ನಿಮಿಷಕ್ಕೆ ಗುಂಡಿ ಒತ್ತಿದರೆ ಗಂಟೆಗೆ 12 ಪೆಟ್ಟು, ಕಾಲುಗಂಟೆಗೆ 3 ಜೋಡಿ ಪೆಟ್ಟು, ಉಳಿದ ನಿಮಿಷಕ್ಕೆ 14 ಪೆಟ್ಟು. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಹೊತ್ತು ತಿಳಿಯಲು ಹುಟ್ಟಿದ ಉಪಾಯ ಅದು.

‘ಟೂರ್ಬಿಯೋನ್’ ಇನ್ನೊಂದು ಬಗೆ. ಅಂಗಿಯ ಜೇಬಿನಲ್ಲಿ ದಿನವಿಡೀ ನೆಟ್ಟಗೆ ನಿಲ್ಲುವ ಗಡಿಯಾರದ ಬ್ಯಾಲೆನ್ಸ್ ಚಕ್ರವನ್ನು ಭೂಮಿಯ ಸೆಳೆತ ಒಂದೇ ಕಡೆಗೆ ಕಾಡುತ್ತದೆ. ಇದಕ್ಕೆ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಬ್ರಹಾಂ ಲೂಯಿ ಬ್ರೆಗೆ ಎಂಬ ಮಹಾ ಕುಶಲಿ ಕಂಡುಕೊಂಡ ಪರಿಹಾರ, ಬ್ಯಾಲೆನ್ಸ್ ಚಕ್ರವನ್ನೇ ಒಂದು ಪಂಜರದಲ್ಲಿಟ್ಟು ಗಿರಗಿರನೆ ತಿರುಗಿಸುವುದು. ಹಾಗೆ ತಿರುಗಿದಾಗ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪು ಸರಿತೂಗಿಸುತ್ತದೆ. 1801ರಲ್ಲಿ ಅವರಿಗೆ ಇದರ ಪೇಟೆಂಟ್ ದೊರೆಯಿತು.

ಹಲ್ಲುಚಕ್ರಕ್ಕೆ ಕ್ಯಾಲೆಂಡರ್ ಪಾಠ

ಇವೆಲ್ಲದರ ನಡುವೆ ಶಾಲಾ ಮಕ್ಕಳಿಗೆ ಅತ್ಯಂತ ಹತ್ತಿರದ್ದು, ಮೊದಲು ಹೇಳಿದ ಫೆಬ್ರುವರಿಯ ಗಡಿಯಾರ. ಇದಕ್ಕೆ ‘ಪರ್ಪೆಚುಯಲ್ ಕ್ಯಾಲೆಂಡರ್’ ಎಂದು ಹೆಸರು. ನಿರಂತರ ಕ್ಯಾಲೆಂಡರ್ ಎನ್ನಬಹುದು.

ಸಾದಾ ತಾರೀಖಿನ ಗಡಿಯಾರದಲ್ಲಿ 31 ಹಲ್ಲಿನ ಚಕ್ರವೊಂದು ದಿನಕ್ಕೊಂದು ಹಲ್ಲು ಮುಂದೆ ಹೋಗುತ್ತದೆ. ಅದಕ್ಕೆ ಎಲ್ಲ ತಿಂಗಳೂ ಒಂದೇ. ಹಾಗಾಗಿ ವರ್ಷಕ್ಕೆ ಐದು ಸಲ, ಅಂದರೆ ಫೆಬ್ರುವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗ, ನಾವೇ ತಾರೀಖು ತಿದ್ದಬೇಕು. ನಿರಂತರ ಕ್ಯಾಲೆಂಡರಿನಲ್ಲಿ ಇದರ ಜತೆಗೆ ಇನ್ನೊಂದು ಚಕ್ರವಿರುತ್ತದೆ. ಒಂದು ಪ್ರಸಿದ್ಧ ವಿನ್ಯಾಸದಲ್ಲಿ ಅದು ನಾಲ್ಕು ವರ್ಷಕ್ಕೆ ಒಂದೇ ಸುತ್ತು ಬರುತ್ತದೆ. ನಾಲ್ಕು ವರ್ಷಕ್ಕೆ 48 ತಿಂಗಳು. ಅದರ ಅಂಚಿನಲ್ಲಿ 48 ಮನೆಗಳು. 31 ದಿನದ ತಿಂಗಳಿಗೆ ಉಬ್ಬು, 30ರ ತಿಂಗಳಿಗೆ ಸಣ್ಣ ತಗ್ಗು, 28ರ ಫೆಬ್ರುವರಿಗೆ ಆಳದ ತಗ್ಗು, 29ರ ಫೆಬ್ರುವರಿಗೆ ಅದಕ್ಕಿಂತ ಒಂದಿಷ್ಟು ಕಡಿಮೆ ಆಳ. ನಮ್ಮ ಮುಷ್ಟಿಯ ಗೆಣ್ಣುಗಳೇ!

ಬಲಗೈ ತೋರುಬೆರಳಿನ ಕೆಲಸವನ್ನು ಇಲ್ಲಿ ಲಿವರೊಂದು ಮಾಡುತ್ತದೆ. ಅದರ ಮೂತಿ ಈ ಅಂಚನ್ನು ತಡವುತ್ತಿರುತ್ತದೆ. ತಗ್ಗು ಎಷ್ಟು ಆಳವೋ ತಿಂಗಳ ಕೊನೆಯಲ್ಲಿ ಅಷ್ಟು ಹೆಚ್ಚು ಹಲ್ಲುಗಳನ್ನು ಲಿವರು ಒಮ್ಮೆಲೇ ತಳ್ಳುತ್ತದೆ. ಫೆಬ್ರುವರಿ 28ರ ರಾತ್ರಿ ಒಂದರ ಬದಲು ನಾಲ್ಕು ಹಲ್ಲು. ಹೀಗೆ 29, 30, 31 ದಾಟಿ ಮುಳ್ಳು 1ಕ್ಕೆ ಬಂದು ನಿಲ್ಲುತ್ತದೆ.

ಇಂಥ ಕ್ಯಾಲೆಂಡರನ್ನು ಜೇಬು ಗಡಿಯಾರದಲ್ಲಿ ಮೊದಲು ಅಳವಡಿಸಿದವರು 18ನೇ ಶತಮಾನದ ಲಂಡನ್ನಿನ ಥಾಮಸ್ ಮಜ್. ಕೈಗಡಿಯಾರಕ್ಕೆ ಅದು ಇಳಿದದ್ದು 1925ರಲ್ಲಿ. ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ, ತಾನು 1898ರಲ್ಲಿ ಮಹಿಳೆಯರ ಪದಕದ ಗಡಿಯಾರಕ್ಕೆಂದು ಮಾಡಿಟ್ಟಿದ್ದ ಯಂತ್ರವನ್ನೇ ಕೈಗೆ ಕಟ್ಟುವಂತೆ ಮಾಡಿತು.

ಸೋಲಿನ ನಡುವೆ ಒಂದು ಹಟ

1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬೆಲೆ 4,50,000 ಯೆನ್. ಆಗಿನ ಒಂದು ಸಣ್ಣ ಕಾರಿನ ಬೆಲೆ. ತಿಂಗಳಿಗೆ ಐದೇ ಸೆಕೆಂಡು ವ್ಯತ್ಯಾಸ. ಮುಂದೆ ಬೆಲೆ ಸರಸರನೆ ಇಳಿಯಿತು. ಇಂದಿನ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಏಕೆ ಗೊತ್ತೇ? 2ನ್ನು ಹದಿನೈದು ಸಲ ಗುಣಿಸಿದರೆ ಬರುವುದು ಅದೇ. ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸೆಕೆಂಡಿಗೆ ಸರಿಯಾಗಿ ಒಂದು ತುಡಿತ!

ಸ್ವಿಟ್ಜರ್ಲೆಂಡ್ ತತ್ತರಿಸಿತು. 1970ರ ಸುಮಾರಿಗೆ ಅಲ್ಲಿನ ಗಡಿಯಾರ ಉದ್ಯಮದಲ್ಲಿ ಹತ್ತಿರ ಹತ್ತಿರ 90 ಸಾವಿರ ಜನ ದುಡಿಯುತ್ತಿದ್ದರು. 1980ರ ದಶಕದ ನಡುವಿಗೆ ಅದು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಅಪ್ಪ, ಅಜ್ಜ ಮಾಡುತ್ತಿದ್ದ ಕಸುಬು ಕಣ್ಣೆದುರೇ ಕರಗಿತು.

ಈ ಕತ್ತಲ ಕಾಲದಲ್ಲಿ ಶಾಫ್‌ಹೌಸೆನ್ ಊರಿನ ಐಡಬ್ಲ್ಯುಸಿ ಕಾರ್ಖಾನೆಯ ಕುರ್ಟ್ ಕ್ಲಾಸ್ ಎಂಬ ಕುಶಲಿ ಕಾಗದ, ಪೆನ್ಸಿಲ್ ಹಿಡಿದು ಕುಳಿತರು. 1985ರಲ್ಲಿ ಹೊರಬಂದ ಅವರ ‘ಡಾ ವಿಂಚಿ’ ಗಡಿಯಾರ, ಸುಮಾರು 80 ಬಿಡಿಭಾಗಗಳ ಒಂದು ಕ್ಯಾಲೆಂಡರ್ ಯಂತ್ರವನ್ನು ಹೊತ್ತಿತ್ತು. 48 ಮನೆಯ ಚಕ್ರ ಅದರದ್ದೇ. ಅಲ್ಲಿಯವರೆಗೆ ಇಂಥ ಗಡಿಯಾರದ ವಾರ, ತಾರೀಖು, ತಿಂಗಳುಗಳನ್ನು ಹೊಂದಿಸಲು ಪಕ್ಕದ ಪುಟ್ಟ ಗುಂಡಿಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಒತ್ತಬೇಕಿತ್ತು. ಕ್ಲಾಸ್ ಎಲ್ಲವನ್ನೂ ಕೀ ಕೊಡುವ ಒಂದೇ ತಿರುಪಿಗೆ ಜೋಡಿಸಿದರು.

ಅದರಲ್ಲಿ ವರ್ಷವನ್ನು ನಾಲ್ಕು ಅಂಕೆಗಳಲ್ಲಿ ಕಾಣಬಹುದು. ಸೆಕೆಂಡಿಗೆ 8 ಸಲ ತೂಗುವ ಚಕ್ರದಿಂದ ಹೊರಟ ಚಲನೆ, ಹಲ್ಲಿನಿಂದ ಹಲ್ಲಿಗೆ ನಿಧಾನವಾಗುತ್ತ ಆಗುತ್ತ, ಕೊನೆಗೆ ನೂರು ವರ್ಷಕ್ಕೆ ಒಮ್ಮೆ ಮಾತ್ರ ಸರಿಯುವ ಶತಮಾನದ ಪಟ್ಟಿಯನ್ನು ಮುಟ್ಟುತ್ತದೆ. ಮುಂದಿನ ಶತಮಾನಗಳಿಗೆಂದು ಒಂದು ಬಿಡಿ ಪಟ್ಟಿಯನ್ನೂ ಗಾಜಿನ ಕೊಳವೆಯಲ್ಲಿಟ್ಟು ಕೊಟ್ಟಿದ್ದರು! ಚಂದ್ರನ ವೃದ್ಧಿ-ಕ್ಷಯಗಳನ್ನು ತೋರುವ ತಟ್ಟೆಯ ಲೆಕ್ಕವೂ ಸೊಗಸು. ಹಳೆಯ ಗಡಿಯಾರಗಳು ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ ಎಂದು ಹಿಡಿಯುತ್ತಿದ್ದವು. ಅದರಿಂದ ಎರಡೂವರೆ ವರ್ಷ ದಾಟುವಷ್ಟರಲ್ಲಿ ಒಂದು ದಿನದ ತಪ್ಪು. ಕ್ಲಾಸ್ ಅವರ ಹಲ್ಲುಗಳ ಲೆಕ್ಕ 29.53125 ದಿನ. ನಿಜವಾದ ಸರಾಸರಿ 29.53059. ಒಂದು ದಿನ ತಪ್ಪಬೇಕಾದರೆ 122 ವರ್ಷ ಬೇಕು.

ಈ ಗಡಿಯಾರಕ್ಕೆ ಒಂದು ಕಟ್ಟುಪಾಡೂ ಉಂಟು. ಕ್ಯಾಲೆಂಡರನ್ನು ಮುಂದಕ್ಕೆ ತಿರುಗಿಸಬಹುದು, ಹಿಂದಕ್ಕಿಲ್ಲ. ಅವಸರದಲ್ಲಿ ಮೂರು ದಿನ ಮುಂದೆ ಓಡಿಸಿಬಿಟ್ಟರೆ, ಗಡಿಯಾರವನ್ನು ನಿಲ್ಲಿಸಿ ಮೂರು ದಿನ ಕಾಯುವುದೇ ಸುಲಭದ ದಾರಿ.

ಆಕರ್ಷಣೆ ಎಲ್ಲಿದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಧಿಕೃತ ಪರೀಕ್ಷೆಯಲ್ಲಿ ಪಾಸಾದ ಸ್ವಿಸ್ ಕ್ರೋನೋಮೀಟರ್ ದಿನಕ್ಕೆ 4 ಸೆಕೆಂಡು ಹಿಂದೆ ಇಲ್ಲವೇ 6 ಸೆಕೆಂಡು ಮುಂದೆ ಹೋಗಬಹುದು. ಅಗ್ಗದ ಕ್ವಾರ್ಟ್ಜ್ ವಾಚು ಒಂದು ತಿಂಗಳಿಗೆ 15 ಸೆಕೆಂಡಿನ ಆಸುಪಾಸು. ಹಾಗಾಗಿ ನಿಖರತೆಗಾಗಿ ಯಾರೂ ಇದನ್ನು ಕೊಳ್ಳುವುದಿಲ್ಲ.

ಮೊದಲ ಆಕರ್ಷಣೆ, ಬುದ್ಧಿ ಕಣ್ಣಿಗೆ ಕಾಣುವುದು. ಮೊಬೈಲ್ ಹೇಗೆ ಲೆಕ್ಕ ಹಾಕುತ್ತದೆ ಎಂದು ಅದನ್ನು ಒಡೆದು ನೋಡಿದರೂ ತಿಳಿಯದು. ಈ ಗಡಿಯಾರವನ್ನು ಬಿಚ್ಚಿ ಹತ್ತು ನಿಮಿಷ ನೋಡಿದರೆ ಯಾವುದು ಯಾವುದನ್ನು ತಳ್ಳುತ್ತದೆ ಎಂದು ಹೈಸ್ಕೂಲು ಹುಡುಗಿಯೂ ಬೆರಳಿಟ್ಟು ತೋರಿಸಬಲ್ಲಳು. ದಿನಕ್ಕೆ ಐದು ಸೆಕೆಂಡು ತಪ್ಪುವುದೆಂದರೆ 86,400ರಲ್ಲಿ ಐದು! ಬರೀ ಸ್ಪ್ರಿಂಗು, ಹಲ್ಲುಗಳಿಂದ ಮನುಷ್ಯ ಇಷ್ಟು ಹತ್ತಿರ ಬಂದನಲ್ಲ ಎಂಬುದೇ ಸೋಜಿಗ.

ಎರಡನೆಯದು, ಬಾಳಿಕೆ. ಬ್ಯಾಟರಿಯ ವಾಚಿನ ಚಿಪ್ ಹೋದರೆ, ಆ ಚಿಪ್ ಮಾಡುವುದನ್ನು ಕಂಪನಿ ನಿಲ್ಲಿಸಿದ್ದರೆ, ಕಥೆ ಮುಗಿಯಿತು. ಕೀ ವಾಚಿನ ಹಲ್ಲು ಮುರಿದರೆ ಬಲ್ಲವನೊಬ್ಬ ಹೊಸ ಚಕ್ರವನ್ನೇ ಕಡೆದು ಕೂಡಿಸಬಲ್ಲ. ನೂರು ವರ್ಷದ ಗಡಿಯಾರ ಇಂದಿಗೂ ನಡೆಯುವುದು ಹೀಗೆ. 2100ನೇ ಇಸವಿ ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ. 48 ಮನೆಯ ಚಕ್ರಕ್ಕೆ ಇದು ಗೊತ್ತಿಲ್ಲ. ಆ ವರ್ಷ ಮಾರ್ಚ್ 1ರಂದು ಯಾರಾದರೂ ಅದಕ್ಕೆ ಒಂದು ದಿನ ತಿದ್ದಿ ಕೊಡಬೇಕು. ಇಂದು ಇದನ್ನು ಕೊಳ್ಳುವ ನಡುವಯಸ್ಸಿನವರು ಆಗ ಇರುವುದಿಲ್ಲ, ತಿದ್ದುವವರು ಮೊಮ್ಮಕ್ಕಳು. ಐಡಬ್ಲ್ಯುಸಿ 2024ರಲ್ಲಿ ಆ ಕೊರತೆಯನ್ನೂ ನೀಗಿ, 400 ವರ್ಷಕ್ಕೊಮ್ಮೆ ಸುತ್ತುವ ಚಕ್ರವುಳ್ಳ ಗಡಿಯಾರ ಮಾಡಿತು.

ಮೂರನೆಯದು, ಕೈಕೆಲಸದ ತಾಳ್ಮೆ. ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಗೆಂದು 1783ರಲ್ಲಿ ಬ್ರೆಗೆ ಅವರಿಗೆ ಒಂದು ಜೇಬು ಗಡಿಯಾರದ ಬೇಡಿಕೆ ಬಂತು. ಆ ಕಾಲಕ್ಕೆ ಗೊತ್ತಿದ್ದ ಕಾಂಪ್ಲಿಕೇಶನ್‌ಗಳೆಲ್ಲ ಅದರಲ್ಲಿ ಇರಬೇಕೆಂಬುದು ಷರತ್ತು. 1793ರಲ್ಲಿ ರಾಣಿಯ ತಲೆ ಉರುಳಿತು. 1823ರಲ್ಲಿ ಬ್ರೆಗೆ ತೀರಿಕೊಂಡರು. ಗಡಿಯಾರ ಮುಗಿದದ್ದು 1827ರಲ್ಲಿ! ಹಾಕಿದ ಕೈ ಮುಗಿಸುವವರೆಗೆ ಬಿಡಬಾರದೆಂಬ ಛಲಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಈ ಕಸುಬನ್ನು ಯುನೆಸ್ಕೊ 2020ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾಲ್ಕನೆಯದನ್ನೂ ಮುಚ್ಚಿಡದೆ ಹೇಳಬೇಕು. ಅದು ಪ್ರತಿಷ್ಠೆ. ಎಲ್ಲರಿಗೂ ಸಿಗದ್ದು ತನ್ನಲ್ಲಿದೆ ಎಂಬ ಹಮ್ಮು. 2019ರಲ್ಲಿ ಜಿನೀವಾದ ಧರ್ಮಾರ್ಥ ಹರಾಜಿನಲ್ಲಿ ಪಾಟೆಕ್ ಫಿಲಿಪ್‌ನ ಒಂದು ಉಕ್ಕಿನ ಕೈಗಡಿಯಾರ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕುಗಳಿಗೆ ಹೋಯಿತು. ಅಷ್ಟು ಹಣ ಉಕ್ಕಿಗೆ ಬಂದದ್ದಲ್ಲ, ಹಲ್ಲುಚಕ್ರಗಳಿಗೆ ಮಾತ್ರ ಬಂದದ್ದೂ ಅಲ್ಲ. ಅಂಥದ್ದು ಮತ್ತೊಂದಿಲ್ಲ ಎಂಬುದಕ್ಕೂ ಅದರಲ್ಲಿ ದೊಡ್ಡ ಪಾಲಿತ್ತು.

ನಮ್ಮ ಬೆಂಗಳೂರಿನ ಟಿಕ್ ಟಿಕ್

ಕೀ ವಾಚಿನ ಕಥೆ ನಮಗೆ ಪರದೇಶದ್ದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ತೊಡಗಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ‘ಜನತಾ’ ವಾಚು ಎಸ್ಸೆಸ್ಸೆಲ್ಸಿ ಪಾಸಾದ ಮಗನ ಕೈಗೆ, ಮದುವೆಯ ಗಂಡಿನ ಕೈಗೆ, ನಿವೃತ್ತರಾದ ಮೇಷ್ಟರ ಕೈಗೆ ಏರಿತು. ಬೆಳಗೆದ್ದು ವಾಚಿಗೆ ಕೀ ಕೊಡುವುದು ಹಲ್ಲುಜ್ಜುವಷ್ಟೇ ನಿತ್ಯದ ಕೆಲಸವಾಗಿತ್ತು. 1980ರ ದಶಕದ ಕೊನೆಗೆ ಟೈಟನ್ ಕ್ವಾರ್ಟ್ಜ್ ವಾಚುಗಳು ಬಂದ ಮೇಲೆ ಗಾಳಿ ತಿರುಗಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ವಿಚಿತ್ರವೆಂದರೆ ಕ್ವಾರ್ಟ್ಜ್‌ನಿಂದ ಹೆಸರಾದ ಟೈಟನ್ನೇ 2025ರಲ್ಲಿ ಟೂರ್ಬಿಯೋನ್ ಇರುವ ಕೈಗಡಿಯಾರವನ್ನು ಹೊರತಂದಿತು. ಬೆಲೆ 40 ಲಕ್ಷ ರೂಪಾಯಿಗೂ ಮೇಲೆ!

ಜನತಾ ವಾಚಿನಲ್ಲಿ ಕಾಂಪ್ಲಿಕೇಶನ್ ಏನೂ ಇರಲಿಲ್ಲ. ಆದರೆ ಅದರ ಸುರುಳಿ, ಹಲ್ಲು, ಬ್ಯಾಲೆನ್ಸ್ ಚಕ್ರ ನಡೆಯುವ ನಿಯಮವೂ ಕೋಟಿ ಬೆಲೆಯ ಗಡಿಯಾರದ ನಿಯಮವೂ ಒಂದೇ.

ಹೆತ್ತವರಿಗೆ ನಾಲ್ಕು ಮಾತು

ಇತ್ತೀಚೆಗೆ ಸಿನಿಮಾ ನಟರ, ಕ್ರಿಕೆಟಿಗರ ಕೈಯಲ್ಲಿ ಇಂಥ ಗಡಿಯಾರ ಕಂಡು ಕಾಲೇಜು ಹುಡುಗರೂ ಅದರ ಹೆಸರು ಉರು ಹೊಡೆಯುತ್ತಾರೆ. ಆಸೆ ತಪ್ಪಲ್ಲ. ಆದರೆ ಕೆಲವು ಸಂಗತಿ ತಿಳಿದಿರಲಿ.

‘ವಾಚು ಕೊಂಡರೆ ಚಿನ್ನ ಕೊಂಡಂತೆ’ ಎನ್ನುವ ಮಾತನ್ನು ನಂಬಿ ಸಾಲ ಮಾಡಬೇಡಿ. 2022ರ ಆರಂಭದಲ್ಲಿ ಕೆಲವು ಹೆಸರಾಂತ ವಾಚುಗಳ ಮರುಮಾರಾಟದ ಬೆಲೆ ಆಕಾಶಕ್ಕೇರಿ, ಅದೇ ವರ್ಷ ಜಾರಿತು. ಹೆಚ್ಚಿನ ವಾಚುಗಳು ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಿಸಬೇಕು. ಕಾಂಪ್ಲಿಕೇಶನ್ ಹೆಚ್ಚಿದಷ್ಟೂ ಆ ಖರ್ಚು ಹೆಚ್ಚು. ಕಡಿಮೆ ಬೆಲೆಗೆ ದೊಡ್ಡ ಹೆಸರು ಸಿಕ್ಕರೆ ಅದು ನಕಲಿ ಎಂದೇ ತಿಳಿಯಿರಿ. ಮಗ್ಗುಲಲ್ಲಿ ಕೂತವನ ವಾಚು ನೋಡಿ ಅವನ ಯೋಗ್ಯತೆ ಅಳೆಯುವ ಚಾಳಿಯಂತೂ ಮಕ್ಕಳಿಗೆ ಅಂಟದಿರಲಿ. ಹೊತ್ತಿಗೆ ಸರಿಯಾಗಿ ಬರುವವನಿಗೆ ಯಾವ ವಾಚಾದರೂ ಸಾಕು.

ಮಗನೋ ಮಗಳೋ ಇದರಲ್ಲಿ ನಿಜವಾದ ಆಸಕ್ತಿ ತೋರಿದರೆ ಮನೆಯ ಪೆಟ್ಟಿಗೆಯಲ್ಲಿ ನಿಂತುಹೋದ ಕೀ ವಾಚನ್ನು ಹುಡುಕಿ ಕೊಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ರಿಪೇರಿಯವರ ಬಳಿ ಕರೆದೊಯ್ಯಿರಿ. ಬೆನ್ನಿನ ಮುಚ್ಚಳ ತೆಗೆದಾಗ ಅರ್ಧ ಗಂಟೆ ನಿಂತು ನೋಡಲು ಅವರಲ್ಲಿ ಕೇಳಿಕೊಳ್ಳಿ. ಭೌತಶಾಸ್ತ್ರದ ಆವರ್ತ ಚಲನೆ, ಗಣಿತದ ಅನುಪಾತ ಎರಡೂ ಅಲ್ಲಿ ಜೀವಂತವಾಗಿ ಸಿಗುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಸವಾಲು

ಕೊನೆಗೆ ಒಂದು ಲೆಕ್ಕ. ಸ್ವಿಟ್ಜರ್ಲೆಂಡಿನ ವಾಷರಾನ್ ಕಾನ್‌ಸ್ಟಾಂಟಿನ್ ಕಂಪನಿ 2024ರಲ್ಲಿ 63 ಕಾಂಪ್ಲಿಕೇಶನ್‌ಗಳ ಜೇಬು ಗಡಿಯಾರವೊಂದನ್ನು ಹೊರತಂದಿತು. 2,877 ಬಿಡಿಭಾಗಗಳ ಆ ಯಂತ್ರದ ಹೆಚ್ಚುಗಾರಿಕೆ, ಚೀನೀಯರ ಸೂರ್ಯ-ಚಂದ್ರ ಕ್ಯಾಲೆಂಡರನ್ನು ಹಲ್ಲುಚಕ್ರಕ್ಕೆ ಕಲಿಸಿದ್ದು. ನಮ್ಮ ಚಾಂದ್ರಮಾನ ಪಂಚಾಂಗದಂತೆ ಅದರಲ್ಲೂ ಅಧಿಕ ಮಾಸ ಉಂಟು.

ಅಧಿಕ ಮಾಸ ಬರುವುದೇಕೆ? ಹನ್ನೆರಡು ಚಾಂದ್ರ ಮಾಸ ಸೇರಿದರೆ ಸುಮಾರು 354 ದಿನ. ಸೌರ ವರ್ಷಕ್ಕೆ 11 ದಿನ ಕಡಿಮೆ. ಈ ಕೊರತೆ ಕೂಡುತ್ತ ಬಂದು, ಸಂಕ್ರಾಂತಿಯೇ ಇಲ್ಲದ ಒಂದು ತಿಂಗಳು ನಡುವೆ ಬರುತ್ತದೆ. ಅದನ್ನೇ ಅಧಿಕ ಮಾಸ ಎನ್ನುತ್ತಾರೆ. 19 ವರ್ಷಗಳಲ್ಲಿ ಇಂಥವು 7. ಅಂದರೆ 19 ಸೌರ ವರ್ಷವೂ 235 ಚಾಂದ್ರ ಮಾಸವೂ ಹೆಚ್ಚುಕಡಿಮೆ ಸಮ. ಆದರೆ ಚೈತ್ರ ಅಧಿಕವಾಗುತ್ತದೋ ಶ್ರಾವಣವೋ ಎಂಬುದು ಸೂರ್ಯನ ನಡಿಗೆಯನ್ನು ಅವಲಂಬಿಸಿದೆ.

ಈಗ ಯೋಚಿಸಿ. ಕೀ ಕೊಟ್ಟರೆ ನಡೆಯುವ, ಯುಗಾದಿಯನ್ನು ತಾನಾಗಿ ತೋರಿಸುವ ಯಂತ್ರ ಮಾಡಬೇಕಾದರೆ ಎಷ್ಟು ಮನೆಯ ಚಕ್ರ ಬೇಕು? ಯಾವ ಮನೆ ಉಬ್ಬು, ಯಾವ ಮನೆ ತಗ್ಗು? ಇದಕ್ಕೆ ಬೇಕಾದದ್ದು 19 ವರ್ಷಗಳ ಪಂಚಾಂಗ, ರಟ್ಟು, ಕತ್ತರಿ, ಪೆನ್ಸಿಲ್. ಬೇಸಿಗೆ ರಜೆಗೆ ಒಳ್ಳೆಯ ಕೆಲಸ. ಕುರ್ಟ್ ಕ್ಲಾಸ್ ಶುರು ಮಾಡಿದ್ದೂ ಕಾಗದದ ಮೇಲೆಯೇ.